ಚಿತ್ತಾ ಮಳೆಯಲ್ಲಿ ಮೂರು ಶಿಖರ

ಮಂಡ್ಯ ಬಿಟ್ಟು ಮೈಸೂರಿನ ಕಡೆ ಹೊರಟ ಗಾಡಿಗೆ ಮೊದಲು ಸಿಗುವ ಸ್ಟೇಷನ್ ಯಲಿಯೂರು. ಎಕ್ಸ್‌ಪ್ರೆಸ್ ಗಾಡಿಗಳು ಸಿಳ್ಳೆ ಹಾಕಿಕೊಂಡು ಮುಂದೆ ಹೋಗುತ್ತವೆ, ಪ್ಯಾಸೆಂಜರ್ ನಿಲ್ಲುತ್ತದೆ. ಇಳಿದರೆ ಎರಡೂ ಕಡೆ ಕಬ್ಬು, ಭತ್ತ, ಬದುವಿನ ಮೇಲೆ ತೆಂಗು. ಕಣ್ಣಿಗೆ ಅಡ್ಡ ಬರುವ ಕಟ್ಟಡವಿಲ್ಲ, ಹತ್ತಿರದಲ್ಲಿ ಗುಡ್ಡವಿಲ್ಲ. ಮೂಡಲಿನಿಂದ ಪಡುವಲಿನವರೆಗೆ ಆಕಾಶ ಪೂರ್ತಿಯಾಗಿ ಸಿಗುತ್ತದೆ. ಯಾವ ದಿಕ್ಕಿನಲ್ಲಿ ಮೋಡ ಏಳುತ್ತಿದೆ, ಯಾವ ದಿಕ್ಕಿಗೆ ಗಾಳಿ ತಿರುಗಿದೆ ಎಂಬುದೆಲ್ಲ ಮನೆಯ ಜಗುಲಿಯ ಮೇಲೆ ಕೂತೇ ಗೊತ್ತಾಗುತ್ತದೆ. ಸೋಮನಾಥಪುರದ ಕೇಶವ ದೇವಾಲಯದ ಫೋಟೋ ತೆಗೆಯಬೇಕೆಂದು ಹೊರಟವನು ಮೈಸೂರಿನ ಲಾಡ್ಜಿನಲ್ಲಿ ಇಳಿಯದೆ ಯಲಿಯೂರಿನ ಸೋದರಮಾವನ ಮನೆಯಲ್ಲಿ ಬ್ಯಾಗು ಇಟ್ಟಿದ್ದು ಈ ಆಕಾಶಕ್ಕಾಗಿ. ಅದನ್ನು ನೋಡಿ ಹೇಳಬಲ್ಲ ಮಾವನಿಗಾಗಿ ಕೂಡ.

ಸೋಮನಾಥಪುರದ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಕ್ಯಾಲೆಂಡರಿನಲ್ಲಿ, ಪಠ್ಯಪುಸ್ತಕದಲ್ಲಿ, ಬಸ್‌ಸ್ಟ್ಯಾಂಡಿನ ಪ್ರವಾಸೋದ್ಯಮ ಬೋರ್ಡಿನಲ್ಲಿ. ಅವುಗಳಲ್ಲಿ ಹೆಚ್ಚಿನವು ನೀಲಿ ಆಕಾಶದ ಕೆಳಗೆ, ಸುಡುಬಿಸಿಲಿನಲ್ಲಿ ತೆಗೆದವು. ದೇವಾಲಯ ಚೆನ್ನಾಗಿಯೇ ಕಾಣುತ್ತದೆ, ಆದರೆ ಶಿಲ್ಪ ಕಾಣುವುದಿಲ್ಲ. ಹೊಯ್ಸಳರ ಕೆತ್ತನೆ ಆಳವಾದದ್ದು. ವಿಗ್ರಹದ ತಲೆಯ ಮೇಲೆ ಬಳ್ಳಿಯ ತೋರಣ, ಅದರ ಮೇಲೆ ಗೋಡೆಯಿಂದ ಮುಂಚಾಚಿದ ಸೂರು. ನೆತ್ತಿಯ ಮೇಲಿನಿಂದ ಬೀಳುವ ಬಿಸಿಲು ಆ ಸೂರಿನ ನೆರಳನ್ನೆಲ್ಲ ದೇವರ ಮುಖದ ಮೇಲೆ ಸುರಿಯುತ್ತದೆ. ಮೂಗಿನ ತುದಿ ಬೆಳ್ಳಗೆ, ಕಣ್ಣು ಕಪ್ಪಗೆ, ಆಭರಣದ ಎಳೆಗಳೆಲ್ಲ ಒಂದರೊಳಗೊಂದು ಕಲಸಿಹೋಗಿ, ಕಲ್ಲು ಯಾವುದು ನೆರಳು ಯಾವುದು ತಿಳಿಯದಂತಾಗುತ್ತದೆ.

ಹಾಗಾದರೆ ಬೆಳಗಿನ ಎಳೆಬಿಸಿಲಿಗೆ ಹೋಗಬಾರದೇ ಎಂದು ಕೇಳಬಹುದು. ಬಾಗಿಲು ತೆರೆಯುವ ಹೊತ್ತಿಗೆ ಸೂರ್ಯ ಸಾಕಷ್ಟು ಮೇಲೆ ಬಂದಿರುತ್ತಾನೆ, ಮುಚ್ಚುವುದು ಅವನು ಮುಳುಗುವುದಕ್ಕೆ ಮುಂಚೆ. ದೇವಾಲಯದ ಸುತ್ತ ಎತ್ತರದ ಪ್ರಾಕಾರ ಬೇರೆ ಇದೆ. ಒಳಗೆ 64 ಸಣ್ಣ ಗುಡಿಗಳ ಕೈಸಾಲೆ, ನಡುವೆ ಅಂಗಳ, ಅಂಗಳದ ನಡುವೆ ಜಗತಿಯ ಮೇಲೆ ದೇವಾಲಯ. ದಿಗಂತದ ಹತ್ತಿರದ ಹೊಂಬಣ್ಣದ ಬೆಳಕು ಈ ಗೋಡೆಯನ್ನು ದಾಟಿ ಕೆಳಪಟ್ಟಿಕೆಗಳ ಆನೆಗಳವರೆಗೆ ಇಳಿಯುವುದೇ ಇಲ್ಲ. ಬೇಲೂರು ಹಳೇಬೀಡುಗಳಲ್ಲಿ ನಡೆಯುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇಲ್ಲಿ ಛಾಯಾಗ್ರಾಹಕನಿಗೆ ಗಡಿಯಾರಕ್ಕಿಂತ ಮೋಡವೇ ದೊಡ್ಡದು.

ಮೋಡದಲ್ಲೂ ಬಗೆಗಳಿವೆ. ಮಂಡ್ಯ ಸೀಮೆ ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಕೊಡಗು, ಮಲೆನಾಡುಗಳಲ್ಲಿ ಸುರಿದು ಹಗುರಾದ ಮೋಡ ಇಲ್ಲಿಗೆ ಬರಿ ಬೂದುಬಣ್ಣವಾಗಿ ಬರುತ್ತದೆ. ಆಷಾಢದ ಗಾಳಿ ಬೀಸುತ್ತದೆ, ಆಗೊಮ್ಮೆ ಈಗೊಮ್ಮೆ ಸೋನೆ ಹನಿಯುತ್ತದೆ, ದಿನವಿಡೀ ನೆರಳಿಲ್ಲದ ಮೆತ್ತನೆಯ ಬೆಳಕು. ಒಂದೊಂದೇ ವಿಗ್ರಹವನ್ನು ಹತ್ತಿರದಿಂದ ತೆಗೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಆದರೆ ಇಡೀ ದೇವಾಲಯವನ್ನು ಆಕಾಶದೊಂದಿಗೆ ಹಿಡಿಯಬೇಕೆಂದರೆ ಆ ಬೂದಿಯ ಆಕಾಶ ಚಿತ್ರದಲ್ಲಿ ಬಿಳಿ ಕಾಗದವಾಗಿಬಿಡುತ್ತದೆ. ಶಿಖರದ ಅಂಚಿಗೆ ಹಿನ್ನೆಲೆಯೇ ಇರುವುದಿಲ್ಲ. ಅದಕ್ಕೆ ಬೇಕಾದ್ದು ಸೆಪ್ಟೆಂಬರ್, ಅಕ್ಟೋಬರಿನ ಮಳೆ. ಈ ಸೀಮೆಗೆ ನಿಜವಾದ ಮಳೆ ಆಗುವುದೂ ಆಗಲೇ. ಉತ್ತರೆ, ಹಸ್ತ, ಚಿತ್ತಾ, ಸ್ವಾತಿ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಧಗೆ, ಇಳಿಹೊತ್ತಿಗೆ ಮೂಡಲಿಂದ ಎದ್ದು ಬರುವ ಕಪ್ಪು ಮೋಡ, ಗುಡುಗು, ಅರ್ಧ ಗಂಟೆ ಮುಕ್ಕಾಲು ಗಂಟೆ ಸುರಿದು ನಿಲ್ಲುವ ಮಳೆ. ನಿಂತ ಮೇಲೆ ಮೋಡ ಇನ್ನೂ ಮೂಡಲಲ್ಲೇ ಇರುತ್ತದೆ, ಪಡುವಲಲ್ಲಿ ಸೂರ್ಯ ಹೊರಗೆ ಬರುತ್ತಾನೆ. ಒಂದು ಕಡೆ ಕಪ್ಪು ಪರದೆ, ಇನ್ನೊಂದು ಕಡೆಯಿಂದ ದೀಪ. ನಾನು ಹುಡುಕಿಕೊಂಡು ಬಂದದ್ದು ಆ ಸ್ವಲ್ಪ ಹೊತ್ತನ್ನು.

ಮೊದಲ ದಿನ ಬೆಳಿಗ್ಗೆ ಕ್ಯಾಮೆರಾ ಹೆಗಲಿಗೇರಿಸಿ ಹೊರಟವನನ್ನು ಮಾವ ತಡೆದರು.

"ಈಗ್ಲೇ ಓಗಿ ಏನ್ ಮಾಡೀಯೆ ಮಗ? ಇಬ್ನಿ ಬಿದ್ದದೆ, ಅತ್ತು ಗಂಟೆಗೆಲ್ಲ ಬಿಸ್ಲು ಚುರ್ ಅಂತದೆ. ಇವತ್ತು ಮಳೆ ಉಯ್ಯಕಿಲ್ಲ. ಗಾಳಿ ಇನ್ನೂ ತಿರುಗಿಲ್ಲ."

"ಫೋನಿನಲ್ಲಿ ಮಳೆ ಬರುತ್ತೆ ಅಂತ ತೋರಿಸ್ತಿದೆ ಮಾವ."

"ಫೋನು ಮೈಸೂರ್ಗೆ ಯೋಳ್ತದೆ, ಬೆಂಗ್ಳೂರ್ಗೆ ಯೋಳ್ತದೆ. ನಮ್ ಒಲಕ್ಕೆ ಯೋಳಾಕಾದದಾ?"

ಮಾವ ಅಂದದ್ದು ಬರೀ ಹಳ್ಳಿಯ ಹಟವಲ್ಲ. ಅಕ್ಟೋಬರಿನ ಗುಡುಗು ಮಳೆ ಚದುರಿ ಬೀಳುತ್ತದೆ. ಒಂದು ಊರಿನ ಕೆರೆಗೆ ನೀರು ಬಂದು ಪಕ್ಕದ ಊರಿನ ಧೂಳು ಹಾಗೇ ಇರುತ್ತದೆ. ಜಿಲ್ಲೆಗೊಂದು ಮುನ್ಸೂಚನೆ ಕೊಡಬಹುದು, ಒಂದು ಅಂಗಳಕ್ಕೆ ಕೊಡುವುದು ಕಷ್ಟ. ಮಾವನ ಭತ್ತ ಆಗ ಹೊಡೆ ಕಟ್ಟುವ ಹಂತದಲ್ಲಿತ್ತು. ಅವರಿಗೂ ಮಳೆಯ ಲೆಕ್ಕ ಬೇಕಾಗಿತ್ತು, ನನಗೂ ಬೇಕಾಗಿತ್ತು. ಸಂಜೆ ಜಗುಲಿಯ ಮೇಲೆ ಇಬ್ಬರೂ ಒಂದೇ ಆಕಾಶ ನೋಡುತ್ತ ಕೂರುತ್ತಿದ್ದೆವು. ಅತ್ತೆ ಮುದ್ದೆ ತಿರುವುತ್ತ ಒಳಗಿನಿಂದಲೇ ಕೇಳುತ್ತಿದ್ದರು, "ಏನಂತದಂತೆ ಮೋಡ?"

ಕಾದ ದಿನಗಳು ವ್ಯರ್ಥವಾಗಲಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು ಗದ್ದೆಯಿಂದ ಗದ್ದೆಗೆ ಇಳಿಯುವುದನ್ನು ನೋಡಿದೆ, ಆಲೆಮನೆಯಲ್ಲಿ ಕೊಪ್ಪರಿಗೆಯ ಪಕ್ಕ ಕೂತು ಬಿಸಿ ಬೆಲ್ಲ ತಿಂದೆ. ರಾತ್ರಿ ಹೊತ್ತು ಓದಿದ್ದು ಹೊಯ್ಸಳ ಗುಡಿಗಳ ಮೊದಲ ಛಾಯಾಗ್ರಾಹಕರ ವಿಷಯ. ಮದರಾಸು ಸೈನ್ಯದ ಕ್ಯಾಪ್ಟನ್ ಲಿನಿಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ಬೇಲೂರು, ಹಳೇಬೀಡುಗಳಿಗೆ ದೊಡ್ಡ ಪೆಟ್ಟಿಗೆ ಕ್ಯಾಮೆರಾ ಹೊತ್ತುಕೊಂಡು ಬಂದವನು. ಅವನ ನೆಗೆಟಿವ್ ಎಂದರೆ ಮೇಣ ಹಚ್ಚಿದ ಕಾಗದ. ಆ ಕಾಗದದ ರಾಸಾಯನಿಕಕ್ಕೆ ನೀಲಿ ಬಣ್ಣದ ಮೇಲೆ ವಿಪರೀತ ಸೂಕ್ಷ್ಮತೆ. ಕಲ್ಲಿಗೆ ಬೇಕಾದಷ್ಟು ಬೆಳಕು ಕೊಡುವ ಹೊತ್ತಿಗೆ ಆಕಾಶ ಪೂರ್ತಿ ಸುಟ್ಟು ಖಾಲಿ ಬಿಳುಪಾಗುತ್ತಿತ್ತು, ಇದ್ದ ಮೋಡವೂ ಮಾಯವಾಗುತ್ತಿತ್ತು. ಮರುವರ್ಷ ಬರ್ಮಾಕ್ಕೆ ಹೋದ ಟ್ರೈಪ್ ಅಲ್ಲಿಯ ನೆಗೆಟಿವ್‌ಗಳ ಮೇಲೆ ಕುಂಚ ಹಿಡಿದು ತಾನೇ ಮೋಡಗಳನ್ನು ಬರೆದ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎತ್ತಿನ ಗಾಡಿಯಲ್ಲಿ ಸಾಮಾನು ಹೇರಿಕೊಂಡು ದೇಶವೆಲ್ಲ ಸುತ್ತಿದ ಮನುಷ್ಯ, ಕಟ್ಟಡದ ಮೇಲೊಂದು ಆಕಾಶ ಇಲ್ಲದಿದ್ದರೆ ಕಟ್ಟಡವೂ ಅಪೂರ್ಣ ಎಂದು ತಿಳಿದು ಮೋಡವನ್ನು ಕೈಯಾರೆ ಕೂರಿಸಿದ! ನನಗೆ ಆ ಕಷ್ಟವಿಲ್ಲ. ನನ್ನ ಕ್ಯಾಮೆರಾ ಮೋಡವನ್ನೂ ಕಲ್ಲನ್ನೂ ಒಟ್ಟಿಗೆ ಹಿಡಿಯುತ್ತದೆ. ಕಾಯುವುದೊಂದೇ ನನ್ನ ಪಾಲಿನ ಕೆಲಸ.

ಅವತ್ತು ಬೆಳಿಗ್ಗೆ ಮಾವ ಗದ್ದೆಯಿಂದ ಬಂದವರೇ, "ಮಗ, ಇವತ್ತು ಒಂಟವ" ಎಂದರು. ಇಬ್ಬನಿ ಬೀಳದೆ ಬೆಳಗಾಗಿತ್ತು, ಒಂಬತ್ತಕ್ಕೇ ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು. ಬದುವಿನ ಮೇಲೆ ಇರುವೆಗಳು ಮೊಟ್ಟೆ ಕಚ್ಚಿಕೊಂಡು ಎತ್ತರದ ಜಾಗಕ್ಕೆ ಹೋಗುತ್ತಿದ್ದವು. ಭತ್ತದ ಮೇಲೆ ಏರೋಪ್ಲೇನ್ ಚಿಟ್ಟೆಗಳು ಕೈಗೆಟುಕುವಷ್ಟು ಕೆಳಗೆ ಹಾರುತ್ತಿದ್ದವು. ಗಾಳಿ ಸತ್ತಿತ್ತು. ಊಟ ಮುಗಿಸಿ ಮಾವನ ಟಿವಿಎಸ್ ಗಾಡಿಯ ಹಿಂದೆ ಕೂತೆ, ಕ್ಯಾಮೆರಾ ಬ್ಯಾಗಿಗೆ ಅತ್ತೆ ಒಂದು ರಸಗೊಬ್ಬರದ ಚೀಲ ಸುತ್ತಿಕೊಟ್ಟರು. ಅರಕೆರೆಯ ಮೇಲೆ ಬನ್ನೂರಿಗೆ ಇಳಿದೆವು. ದಾರಿಯುದ್ದಕ್ಕೂ ಕಾವೇರಿ ಬಲಗಡೆ ಎಲ್ಲೋ ಹತ್ತಿರದಲ್ಲೇ ಇರುತ್ತಾಳೆ. ನದಿ ಕಾಣದಿದ್ದರೂ ನಾಲೆ, ಗದ್ದೆ, ಬಾಳೆತೋಟಗಳಲ್ಲಿ ಅವಳ ಗುರುತಿದೆ. ಬನ್ನೂರಿನಲ್ಲಿ ಟೀ ಕುಡಿಯುವಾಗ ಮಾವ ಹೋಟೆಲಿನ ಸೂರಿನಾಚೆ ಕತ್ತು ಹೊರಚಾಚಿ ಮೂಡಲು ನೋಡಿದರು. ಹತ್ತಿಯಂಥ ಬಿಳಿ ಮೋಡಗಳು ಗೋಪುರ ಕಟ್ಟತೊಡಗಿದ್ದವು, ಬುಡದಲ್ಲಿ ನೀಲಿಗಪ್ಪು. "ಬೇಗ್ ಕುಡಿ" ಅಂದರು.

ಸೋಮನಾಥಪುರದ ಬಾಗಿಲಿನಲ್ಲಿ ಹಾಯುವಾಗಲೆಲ್ಲ ನಾನು ಎಡಬಲ ನೋಡುವುದು ಆ ದೊಡ್ಡ ಶಾಸನದ ಕಲ್ಲಿಗಾಗಿ. ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ತನ್ನ ಹೆಸರಿನಲ್ಲಿ ಅಗ್ರಹಾರ ಕಟ್ಟಿ, 1268ರಲ್ಲಿ ಈ ಕೇಶವ ದೇವಾಲಯವನ್ನು ಪ್ರತಿಷ್ಠೆ ಮಾಡಿಸಿದ. ಹೊಯ್ಸಳರ ರಾಜ್ಯದ ಕೊನೆಯ ಹಂತ ಅದು. ಬೇಲೂರಿನ ಚೆನ್ನಕೇಶವನಿಗೆ ಆಗಲೇ ಒಂದೂವರೆ ಶತಮಾನ ತುಂಬಿತ್ತು. ಅಷ್ಟು ವರ್ಷದ ಕಸುಬಿನ ಅನುಭವವೆಲ್ಲ ಈ ಚಿಕ್ಕ ಅಂಗಳಕ್ಕೆ ಬಂದು ಸೇರಿದೆ ಎಂದು ನನಗೆ ಅನ್ನಿಸುತ್ತದೆ. ಬೇಲೂರಿನಲ್ಲೂ ಹಳೇಬೀಡಿನಲ್ಲೂ ಗರ್ಭಗುಡಿಯ ಮೇಲಿನ ಶಿಖರಗಳು ಉಳಿದಿಲ್ಲ. ಇಲ್ಲಿ ಮೂರು ಗರ್ಭಗುಡಿಗಳ ಮೇಲೆ ಮೂರು ಶಿಖರಗಳೂ ನಿಂತಿವೆ. 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ಈ ಮೂರೂ ಕ್ಷೇತ್ರಗಳನ್ನು ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ನನಗೆ ಹೆಚ್ಚು ಖುಷಿಯಾದದ್ದು ಸೋಮನಾಥಪುರದ ಹೆಸರು ನೋಡಿ. ಬೇಲೂರಿಗೆ ಪೂಜೆ ಇದೆ, ಜಾತ್ರೆ ಇದೆ, ಜನ ಇದ್ದಾರೆ. ಇಲ್ಲಿ ಮೂಲ ಕೇಶವನ ವಿಗ್ರಹವೇ ಇಲ್ಲ, ಪೂಜೆಯೂ ಇಲ್ಲ. ನೋಡುವವರ ಕಣ್ಣೇ ಈ ಗುಡಿಗೆ ಸಲ್ಲುವ ಸೇವೆ.

ಮಾವ ಚಪ್ಪಲಿ ಬಿಟ್ಟು ಒಳಗೆ ಬಂದರು. ಜಗತಿಯನ್ನು ಹತ್ತಿ ಆನೆಗಳ ಸಾಲಿನ ಮುಂದೆ ಕೂತರು. ಕೆಳಗಿನಿಂದ ಮೇಲೆ ಆನೆ, ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆಗಳು, ಮಕರ, ಹಂಸ, ಹೀಗೆ ಆರು ಪಟ್ಟಿಕೆ. ಒಂದು ಆನೆಯ ಹಾಗೆ ಇನ್ನೊಂದು ಇಲ್ಲ. ಮಾವ ಒಂದು ಆನೆಯ ಸೊಂಡಿಲ ಮೇಲೆ ಬೆರಳಿಡಲು ಹೋಗಿ, ಮುಟ್ಟದೆ ಕೈ ಹಿಂದಕ್ಕೆ ತೆಗೆದುಕೊಂಡರು. "ಇದ್ಯಾವ್ ಕಲ್ಲು ಮಗ, ಇಷ್ಟ್ ನಯ?" ಬಳಪದ ಕಲ್ಲು ಎಂದೆ. ಕ್ವಾರಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಬಿದ್ದು ವರ್ಷ ಕಳೆದಂತೆ ಗಟ್ಟಿಯಾಗುತ್ತದೆ. ಕೂದಲೆಳೆಯಂಥ ಕೆಲಸ ಅದರಲ್ಲಿ ಸಾಧ್ಯವಾದದ್ದು ಅದರಿಂದ.

ಮೂರೂಕಾಲಿಗೆ ಮೊದಲ ಗುಡುಗು. ಅಂಗಳದ ಜನ ನವರಂಗಕ್ಕೂ ಕೈಸಾಲೆಗೂ ಓಡಿದರು. ನಾವು ಒಳಗೆ ಹೋದೆವು. ತಿರುಗಣೆಯಲ್ಲಿ ಕಡೆದ ಕಂಬಗಳ ನಡುವೆ ಮೊದಲು ಏನೂ ಕಾಣಲಿಲ್ಲ. ಮಳೆ ಶುರುವಾದ ಸದ್ದು ಮಾತ್ರ, ಜಾಲಂಧ್ರದಿಂದ ಬಂದ ಮಣ್ಣಿನ ವಾಸನೆ ಮಾತ್ರ. ಕಣ್ಣು ಕತ್ತಲಿಗೆ ಒಗ್ಗಿದಂತೆ ನೆತ್ತಿಯ ಮೇಲೆ ಒಂದೊಂದೇ ಛಾವಣಿ ಬಿಚ್ಚಿಕೊಂಡಿತು. ಒಂದರಲ್ಲಿ ಕೆಳಮುಖವಾಗಿ ಇಳಿದ ಬಾಳೆಯ ಮೊಗ್ಗು, ಇನ್ನೊಂದರಲ್ಲಿ ಪದರ ಪದರವಾಗಿ ಅರಳಿದ ಪದ್ಮ, ಮತ್ತೊಂದರಲ್ಲಿ ಒಳಗೊಳಗೆ ಚಿಕ್ಕದಾಗುತ್ತ ಹೋಗುವ ನಕ್ಷತ್ರಗಳು. ಇಂಥ ಭುವನೇಶ್ವರಿಗಳು ಒಟ್ಟು ಹದಿನಾರು. ಹೊರಗೆ ಬಿಸಿಲಿದ್ದಾಗ ಬಾಗಿಲಿನಿಂದ ಬರುವ ಬೆಳಕು ಕಣ್ಣು ಕುಕ್ಕಿ ಇವು ಅರ್ಧವೂ ಕಾಣುವುದಿಲ್ಲ. ಮಳೆಯ ಕತ್ತಲಲ್ಲಿ ಒಳಗೂ ಹೊರಗೂ ಬೆಳಕು ಸರಿಸಮವಾಗಿ, ಕಲ್ಲಿನ ಮಡಿಕೆಗಳ ಒಳಗಿನವರೆಗೂ ನೋಟ ಹೋಯಿತು. ಇಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕು, ನನ್ನ ಬಳಿ ಇರಲಿಲ್ಲ. ಕ್ಯಾಮೆರಾವನ್ನು ನೆಲದ ಮೇಲೆ ಅಂಗಾತ ಮಲಗಿಸಿ, ಉಸಿರು ಬಿಗಿಹಿಡಿದು ಟೈಮರ್ ಒತ್ತಿದೆ. ನೆಲಕ್ಕಿಂತ ಗಟ್ಟಿಯಾದ ಟ್ರೈಪಾಡ್ ಯಾವುದಿದೆ! ಮಾವ ಕತ್ತು ಎತ್ತಿದವರು ಇಳಿಸಲೇ ಇಲ್ಲ. ಬಾಳೆಮೊಗ್ಗಿನ ಕೆಳಗೆ ನಿಂತು, "ಗೊನೆ ಬಿಡಾಕೆ ಇನ್ನು ನಾಕ್ ದಿನ ಐತೆ ಅನ್ನಂಗೆ ಕೆತ್ತವ್ರಲ್ಲೋ" ಅಂದರು. ಬಾಳೆ ಬೆಳೆದವರ ಕಣ್ಣಿಗೆ ಮಾತ್ರ ಕಾಣುವ ಸಂಗತಿ ಅದು. ನಾನು ಅಷ್ಟು ಸಲ ಆ ಛಾವಣಿ ನೋಡಿದ್ದರೂ ಮೊಗ್ಗಿನ ವಯಸ್ಸು ಕೇಳಿಕೊಂಡಿರಲಿಲ್ಲ.

ಮಳೆ ನಿಂತದ್ದು ನಾಲ್ಕರ ಮೇಲೆ. ನಿಂತದ್ದು ಗೊತ್ತಾದದ್ದು ಸೂರಿನಿಂದ ತೊಟ್ಟಿಕ್ಕುವ ಹನಿಗಳ ಸದ್ದು ಬಿಡಿಬಿಡಿಯಾದಾಗ. ಹೊರಗೆ ಬಂದು ಜಗತಿಯ ಮೇಲೆ ಎಡದಿಂದ ಬಲಕ್ಕೆ ಪ್ರದಕ್ಷಿಣೆ ಹೊರಟೆ. ಹೊರಟು ಹತ್ತು ಹೆಜ್ಜೆಗೇ ನಿಂತುಬಿಟ್ಟೆ.

ಈ ದೇವಾಲಯದ ಗರ್ಭಗುಡಿಗಳ ತಳವಿನ್ಯಾಸ ಹದಿನಾರು ಮೊನೆಯ ನಕ್ಷತ್ರ ಎಂದು ಪುಸ್ತಕಗಳಲ್ಲಿ ಓದಿದ್ದೆ. ನಕ್ಷೆಯಲ್ಲಿ ನೋಡಿದ್ದೆ, ಗೋಡೆಯ ಮಡಿಕೆಗಳನ್ನು ಕೈಬೆರಳಲ್ಲಿ ಎಣಿಸಿಯೂ ಇದ್ದೆ. ಆದರೆ ನಕ್ಷತ್ರವನ್ನು ನಕ್ಷತ್ರವಾಗಿ ಕಂಡದ್ದು ಆವತ್ತೇ. ಮಳೆ ಈಶಾನ್ಯದಿಂದ ಇರಚಲಾಗಿ ಹೊಡೆದಿತ್ತು. ಗಾಳಿಗೆ ಮುಖ ಕೊಟ್ಟ ಮಡಿಕೆಗಳೆಲ್ಲ ನೆನೆದು ಕಡುಗಪ್ಪಾಗಿದ್ದವು. ಬೆನ್ನು ಕೊಟ್ಟ ಮಡಿಕೆಗಳು ಒಣಗಿ ಬೂದುಹಸಿರಾಗಿಯೇ ಉಳಿದಿದ್ದವು. ಒಂದೊಂದು ಮೊನೆಯ ಎರಡು ಬದಿಗೂ ಒಂದೊಂದು ಬಣ್ಣ, ಕಪ್ಪು, ಬೂದು, ಮತ್ತೆ ಕಪ್ಪು, ಮತ್ತೆ ಬೂದು. ಬಿಸಿಲು ನೆರಳು ಎರಡೂ ಸೇರಿ ಇಷ್ಟು ವರ್ಷ ತೋರಿಸದಿದ್ದ ಆಕಾರವನ್ನು ಮಳೆ ಒಂದು ಮುಕ್ಕಾಲು ಗಂಟೆಯಲ್ಲಿ ಬಿಡಿಸಿಟ್ಟಿತ್ತು. ಕಟ್ಟಿದವರು ಇದನ್ನು ನೋಡಿದ್ದರೇ? ನೋಡದೆ ಇರುತ್ತಾರೆಯೇ! ಎಷ್ಟು ಚಿತ್ತಾ ಮಳೆಗಳನ್ನು ಅವರು ಈ ಗೋಡೆಯ ಕೆಳಗೆ ಉಳಿ ಹಿಡಿದು ಕಳೆದಿರಬೇಕು.

ಒದ್ದೆ ಕಲ್ಲು ಕಪ್ಪಾಗುವುದಕ್ಕೆ ಕಾರಣ ಸರಳ. ಒಣಗಿದ ಕಲ್ಲಿನ ಮೇಲ್ಮೈಯ ತರಿತರಿ ಬೆಳಕನ್ನು ಎಲ್ಲ ಕಡೆಗೂ ಚೆದುರಿಸಿ ಒಂದು ಬಿಳಿಚಿದ ಪೊರೆ ಹೊದಿಸಿಬಿಡುತ್ತದೆ. ನೀರು ಆ ಸಣ್ಣ ತಗ್ಗುಗಳಲ್ಲಿ ತುಂಬಿಕೊಂಡಾಗ ಚೆದುರುವುದು ಕಡಿಮೆಯಾಗಿ, ಬೆಳಕು ಕಲ್ಲಿನೊಳಕ್ಕೆ ಇಳಿದು ಅಲ್ಲಿಯೇ ಉಳಿಯುತ್ತದೆ. ಕಲ್ಲಿನ ನಿಜವಾದ ಬಣ್ಣ ಆಗ ಕಾಣುತ್ತದೆ. ಬಳಪದ ಕಲ್ಲಿನ ನಿಜವಾದ ಬಣ್ಣ ಹಸಿರು ಬೆರೆತ ಕಪ್ಪು, ಒಳಗೆಲ್ಲೋ ಸ್ವಲ್ಪ ನೀಲಿ. ಹೊಳಪು ಜಾಸ್ತಿಯಾದ ಕಡೆ ಪೋಲರೈಸರ್ ತಿರುಗಿಸಿ ಕಡಿಮೆ ಮಾಡಿಕೊಂಡೆ. ಪೂರ್ತಿ ತೆಗೆಯಲಿಲ್ಲ. ಹೊಳಪು ಪೂರ್ತಿ ಹೋದರೆ ಮಳೆ ಬಂದದ್ದೇ ಸುಳ್ಳಾಗುತ್ತದೆ.

ಒಣಗುವ ಹೊತ್ತಿಗೆ ಇನ್ನೊಂದು ನಡೆಯಿತು. ಬೆಳಕು ಬರುತ್ತದೆಯೇ ಎಂದು ಪಡುವಲು ನೋಡುತ್ತ ಹಿಂಭಾಗದಲ್ಲಿ ನಿಂತಿದ್ದವನಿಗೆ ಒಂದು ವಿಗ್ರಹದ ಪೀಠದ ಅಂಚಿನಲ್ಲಿ ಗೆರೆಗಳು ಕಂಡವು. ಸುತ್ತಲಿನ ನಯವಾದ ಕಲ್ಲು ಅರೆಬರೆ ಒಣಗಿತ್ತು. ಕೊರೆದ ಗೆರೆಗಳಲ್ಲಿ ಮಾತ್ರ ನೀರು ನಿಂತು ಅವು ಇನ್ನೂ ಕಪ್ಪಗಿದ್ದವು. ಮಂಡಿಯೂರಿ ಕೂತೆ. ಅಕ್ಷರಗಳು. ಹಳೆಯ ಲಿಪಿಯಾದರೂ ಮೊದಲನೆಯದು ಮ ಎಂದು ಓದಲು ಕಷ್ಟವಾಗಲಿಲ್ಲ. ರೂವಾರಿ ಮಲ್ಲಿತಮ್ಮ ತನ್ನ ವಿಗ್ರಹಗಳ ಕೆಳಗೆ ಕೆಲವೆಡೆ ಪೂರ್ತಿ ಹೆಸರನ್ನೂ, ಕೆಲವೆಡೆ ಮಲ್ಲಿ ಎಂದೂ, ಕೆಲವೆಡೆ ಬರೀ ಮ ಎಂದೂ ಕೊರೆದಿದ್ದಾನೆ. ಈ ಗುಡಿಯ ಹೊರಗೋಡೆಯ ಮೇಲೆ ಅವನ ಕೈಯ ವಿಗ್ರಹಗಳೇ 40ರಷ್ಟಿವೆ. ಚೌಡೆಯ, ನಂಜೆಯ, ಚಾಮೆಯ, ರಾಮೆಯ, ಮಸಣಿತಮ್ಮ ಎಂಬ ಹೆಸರುಗಳೂ ಇವೆ. ಒಂದೊಂದೂ ಇವತ್ತಿಗೂ ನಮ್ಮ ಹಳ್ಳಿಗಳ ಪಡಿತರ ಚೀಟಿಯಲ್ಲಿ ಸಿಗುವಂಥ ಹೆಸರು. 1917ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಈ ದೇವಾಲಯದ ಮೇಲೆಯೇ ಒಂದು ಪುಸ್ತಕ ಹೊರತಂದರು. ಅವರು ಈ ಗೋಡೆಗಳನ್ನು ಸಾಲುಸಾಲಾಗಿ ಓದಿದ್ದರಿಂದಲೇ ಇವತ್ತು ನಮಗೆ ಮಲ್ಲಿತಮ್ಮ ಗೊತ್ತು. ಮಾವನನ್ನು ಕರೆದು ತೋರಿಸಿದೆ. ಓದಿ, ಪೀಠದಿಂದ ತಲೆಯವರೆಗೆ ವಿಗ್ರಹವನ್ನು ನೋಡಿ, ಮತ್ತೆ ಪೀಠದ ಅಕ್ಷರ ನೋಡಿದರು. "ಹಣೆ ಮ್ಯಾಲೆ ಬರ್ಕೊಂಡಿಲ್ಲ ನೋಡು, ಕಾಲ್ ತಾವ್ ಬರ್ಕೊಂಡವ್ನೆ" ಎಂದರು. ಆ ಅಕ್ಷರಗಳ ಫೋಟೋ ತೆಗೆಯಲು ಸಿಕ್ಕ ಸಮಯ ಬಹಳ ಕಡಿಮೆ. ನೋಡನೋಡುತ್ತಲೇ ಗೆರೆಗಳೂ ಒಣಗಿ ಕಲ್ಲಿನ ಬಣ್ಣಕ್ಕೆ ಸೇರಿಹೋದವು.

ಅಷ್ಟರಲ್ಲಿ ಅಂಗಳಕ್ಕೆ ಬೆಳಕು ಬಂತು.

ನೈಋತ್ಯದ ಮೂಲೆಯ ಕೈಸಾಲೆಯ ಜಗುಲಿಗೆ ಓಡಿದೆ. ಈ ಮೂಲೆಯಿಂದ ಮೂರೂ ಶಿಖರಗಳು ಒಂದರ ಪಕ್ಕ ಒಂದು ಬಿಡಿಸಿಕೊಂಡು ನಿಲ್ಲುತ್ತವೆ. ಅಕ್ಟೋಬರಿನಲ್ಲಿ ಸೂರ್ಯ ಪಡುವಲಿನಿಂದ ಸ್ವಲ್ಪ ತೆಂಕಕ್ಕೆ ಸರಿದು ಇಳಿಯುವುದರಿಂದ ಅವನ ಬೆಳಕು ಪಶ್ಚಿಮ, ದಕ್ಷಿಣ ಎರಡೂ ಗೋಡೆಗಳಿಗೆ ಓರೆಯಾಗಿ ತಾಗುತ್ತದೆ. ಎದುರಿಗೆ, ಈಶಾನ್ಯದಲ್ಲಿ, ಸುರಿದು ಮುಗಿಯದ ಮೋಡ. ಅದರ ಬಣ್ಣ ಯಾವ ಬಣ್ಣದ ಪಟ್ಟಿಯಲ್ಲೂ ಇಲ್ಲ. ನೇರಳೆಹಣ್ಣಿಗೂ ಕಾದ ಕಬ್ಬಿಣಕ್ಕೂ ನಡುವಿನ ಯಾವುದೋ ಒಂದು. ಅದರ ಮುಂದೆ ಮೂರು ಶಿಖರಗಳು ಒಳಗಿನಿಂದ ಉರಿಯುವಂತೆ ನಿಂತಿದ್ದವು. ಒದ್ದೆಯಾದ ಕಡೆ ಹೊನ್ನು, ಒಣಗಿದ ಕಡೆ ಜೇನು. ಪುಟ್ಟ ಪುಟ್ಟ ಗೋಪುರಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಶಿಖರ ಮಾಡಿದ ಕ್ರಮ, ಒಂದೊಂದು ಮೆಟ್ಟಿಲಿನಲ್ಲೂ ಕೂರಿಸಿದ ಸಣ್ಣ ವಿಗ್ರಹಗಳು, ಅವುಗಳ ಬಾಗಿದ ಮೊಣಕೈ ಕೂಡ ಅಂಗಳದ ಈ ತುದಿಗೆ ಕಾಣಿಸುತ್ತಿತ್ತು. ಓರೆ ಬೆಳಕು ಪ್ರತಿಯೊಂದು ಉಬ್ಬಿಗೂ ಒಂದು ತೆಳುವಾದ ನೆರಳು ಕೊಟ್ಟಿತ್ತು. ಮಧ್ಯಾಹ್ನದ ಬಿಸಿಲು ನುಂಗಿಹಾಕುವ ದಪ್ಪ ನೆರಳಲ್ಲ, ಉಬ್ಬು ಎಷ್ಟು ಎತ್ತರ ಎಂದು ಅಳೆದು ಹೇಳುವ ನೆರಳು. ಅಂಗಳದ ಹಾಸುಗಲ್ಲುಗಳ ತಗ್ಗುಗಳಲ್ಲಿ ನೀರು ನಿಂತಿತ್ತು. ಕ್ಯಾಮೆರಾವನ್ನು ನೆಲಕ್ಕೆ ತಾಗುವಷ್ಟು ಕೆಳಗಿಳಿಸಿದೆ. ನೀರಿನಲ್ಲಿ ಇನ್ನೂ ಮೂರು ಶಿಖರ ತಲೆಕೆಳಗಾಗಿ ನಿಂತವು.

ನಾನು ತೆಗೆದದ್ದು ಎಷ್ಟೋ. ನಡುನಡುವೆ ಕ್ಯಾಮೆರಾ ಕೆಳಗಿಟ್ಟು ಬರಿಗಣ್ಣಿನಿಂದ ನೋಡಿದೆ. ಹಾಗೆ ನೋಡದಿದ್ದರೆ ಮನೆಗೆ ಹೋದ ಮೇಲೆ ಪರದೆಯ ಮೇಲಿನ ಬಣ್ಣ ನಿಜವೋ ಅಲ್ಲವೋ ಹೇಳುವವರು ಯಾರು? ಕೈಸಾಲೆಯಲ್ಲಿ ನಿಂತ ಶಾಲಾ ಮಕ್ಕಳು ಕೂಗಾಡುವುದನ್ನು ಬಿಟ್ಟು ಸುಮ್ಮನೆ ನೋಡುತ್ತಿದ್ದರು. ಒಬ್ಬ ಹುಡುಗ ನನ್ನ ಹಾಗೆಯೇ ಮೊಬೈಲನ್ನು ನೀರಿನ ಅಂಚಿಗೆ ಇಳಿಸಿದ. ಅವನ ಚಿತ್ರ ನನ್ನದಕ್ಕಿಂತ ಚೆನ್ನಾಗಿತ್ತು. ಅವನ ಮೊಬೈಲಿನ ಕಣ್ಣು ನೀರಿಗೆ ಇನ್ನೂ ಹತ್ತಿರ ಹೋಗಬಲ್ಲದು, ಹಾಗಾಗಿ ಅಂಗೈಯಷ್ಟಗಲದ ನೀರೂ ಅದರಲ್ಲಿ ಕೆರೆಯಾಗಿತ್ತು.

ಬಾಗಿಲು ಮುಚ್ಚುವ ಸಿಳ್ಳೆ ಊದಿದಾಗ ಬೆಳಕು ಇನ್ನೂ ಇತ್ತು. ಹೊರಗೆ ಬಂದು, ಊರಿನ ಈಶಾನ್ಯಕ್ಕೆ ಇರುವ ಪಂಚಲಿಂಗೇಶ್ವರದ ಕಡೆ ಒಂದು ಸುತ್ತು ಹೋದೆವು. ಅದೂ ಸೋಮನಾಥನ ಕಾಲದ್ದೇ, ಈಗ ಪಾಳುಬಿದ್ದಿದೆ. ಕೇಶವನಿಗೆ ಬಂದವರಲ್ಲಿ ಇಲ್ಲಿಗೆ ಬರುವವರು ತೀರ ಕಡಿಮೆ. ಕೇಶವ ದೇವಾಲಯಕ್ಕೆ ಸಿಕ್ಕಿದ ಗಮನದ ಕಾಲುಭಾಗವಾದರೂ ಇದಕ್ಕೆ ಸಿಗಬೇಕು. ವಿಶ್ವ ಪರಂಪರೆಯ ಫಲಕ ನೋಡಲು ಬಂದವರು ಇನ್ನೊಂದಷ್ಟು ಹೆಜ್ಜೆ ಹಾಕಿದರೆ ಸಾಕು.

ಹಿಂದಿರುಗುವಾಗ ಬನ್ನೂರಿನ ಹತ್ತಿರ ಮತ್ತೆ ಹನಿ ಶುರುವಾಯಿತು. ಅರಕೆರೆ ದಾಟಿದ ಮೇಲೆ ರಸ್ತೆ ಒಣಗಿತ್ತು. ಯಲಿಯೂರಿಗೆ ಒಂದು ಹನಿಯೂ ಬಿದ್ದಿರಲಿಲ್ಲ. ಮಾವ ಗಾಡಿ ನಿಲ್ಲಿಸಿ, ಮನೆಗೂ ಹೋಗದೆ ಗದ್ದೆಯ ಬದುವಿನ ಮೇಲೆ ನಡೆದುಹೋಗಿ ನೀರು ನೋಡಿ ಬಂದರು. "ನಮ್ಗೆ ನಾಳಿಕ್ಕೆ" ಎಂದರು, ಖಾತ್ರಿಯಿಂದ. ಮಾರನೆಯ ದಿನ ಬಂತು ಕೂಡ.

ಊಟದ ಮೇಲೆ ಲ್ಯಾಪ್‌ಟಾಪಿನಲ್ಲಿ ಚಿತ್ರಗಳನ್ನು ಅತ್ತೆಗೆ ತೋರಿಸಿದೆ. ದಕ್ಷಿಣದ ಗೋಡೆಯ ರಾಮಾಯಣದ ಪಟ್ಟಿಕೆಯನ್ನು ಅವರು ಒಂದೊಂದಾಗಿ ಗುರುತು ಹಿಡಿದರು. ಪಶ್ಚಿಮದ ಗೋಡೆಯ ಕೃಷ್ಣನ ಕಥೆಗಳಿಗೆ ಇನ್ನೂ ಬೇಗ ಗುರುತು ಸಿಕ್ಕಿತು. ಆಮೇಲೆ, "ಭಾರ್ತ ಎಲ್ಲದೆ? ಭೀಮನ್ನೇ ತೋರಿಸ್ನಿಲ್ವಲ್ಲ" ಎಂದರು. ಮಹಾಭಾರತ ಇರುವುದು ಉತ್ತರದ ಗೋಡೆಯಲ್ಲಿ. ಅಕ್ಟೋಬರಿನಲ್ಲಿ ಸೂರ್ಯ ತೆಂಕಕ್ಕೆ ಹೋಗಿರುವುದರಿಂದ ಆ ಗೋಡೆಗೆ ಬಿಸಿಲೇ ತಾಗುವುದಿಲ್ಲ, ಇಡೀ ದಿನ ನೆರಳಿನಲ್ಲಿರುತ್ತದೆ. ಸೋಮನಾಥಪುರ ಇರುವುದು ಸಮಭಾಜಕದಿಂದ ಹನ್ನೆರಡು ಡಿಗ್ರಿ ಉತ್ತರಕ್ಕೆ. ಇಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಪಾಂಡವರಿಗೂ ಕೌರವರಿಗೂ ಬೆಳಕು ಸಿಗುವುದು ಆಗ. ಜೂನ್‌ನಲ್ಲಿ ಮೃಗಶಿರ, ಆರಿದ್ರೆ ಮಳೆಗಳ ನಡುವೆ, ಮೋಡದ ಸಂದಿಯಿಂದ ಇಳಿಯುವ ಇಳಿಹೊತ್ತಿನ ಬಿಸಿಲು ಆ ಗೋಡೆಗೆ ಓರೆಯಾಗಿ ತಾಗಬೇಕು.

"ಹಂಗಾದ್ರೆ ಆರಿದ್ರೆಗೆ ಬಾ" ಎಂದರು ಮಾವ. "ನಾಟಿ ಕೆಲ್ಸ ಸುರುವಾಗೋಕ್ ಮುಂಚೆ ಬಾ. ಆಮ್ಯಾಕೆ ನಂಗೆ ಪುರ್ಸೊತ್ತಿರಕಿಲ್ಲ. ಭೀಮನ್ನ ನಾನೂ ನೋಡ್ಬೇಕು."